ಕ್ರಿಸ್‌ಮಸ್ ಮರ ಹಾಳಾಗುವುದು ಏಪ್ರಿಲ್ ತಿಂಗಳಲ್ಲಿ

ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ ನಡುಮನೆಯಲ್ಲಿ ನಿಲ್ಲುವುದು ಹೆಚ್ಚೆಂದರೆ ಒಂದು ತಿಂಗಳು. ಉಳಿದ ಹನ್ನೊಂದು ತಿಂಗಳು ಅದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬಿದ್ದಿರುತ್ತದೆ. ಕೊಂಬೆ ಚಪ್ಪಟೆಯಾಗುವುದು, ಹಸಿರು ಕಂದಾಗುವುದು, ತಂತಿಗೆ ತುಕ್ಕು ಹಿಡಿಯುವುದು, ಇಲಿ ಗೂಡು ಕಟ್ಟುವುದು ಎಲ್ಲವೂ ಆ ಹನ್ನೊಂದು ತಿಂಗಳಲ್ಲೇ. ಡಿಸೆಂಬರ್‌ನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಬೈಗುಳ ತಿನ್ನುವವನು ಮಾತ್ರ ಮರ ಮಾರಿದ ಅಂಗಡಿಯವನು. ಕೋಲಾರ ಜಿಲ್ಲೆಯ ಮನೆಗಳ ಮಟ್ಟಿಗೆ ನನ್ನ ತೀರ್ಮಾನ ಇಷ್ಟು: ಮರವನ್ನು ಯಾವ ಚೀಲದಲ್ಲಿ ತುಂಬಿದಿರಿ ಎನ್ನುವುದಕ್ಕಿಂತ ಎಲ್ಲಿ ಇಟ್ಟಿರಿ ಎನ್ನುವುದು ಮುಖ್ಯ. ತಗಡಿನ ಸೂರಿನ ಕೆಳಗಿನ ಅಟ್ಟಕ್ಕೆ ಏರಿಸಿದ ಮರವನ್ನು ಯಾವ ಚೀಲವೂ ಕಾಪಾಡುವುದಿಲ್ಲ.

ಕೆಜಿಎಫ್ ಕಡೆಯವರಿಗೆ ಈ ವಿಷಯ ಹೆಚ್ಚು ಹತ್ತಿರದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕಾಲಿಟ್ಟ ಮೇಲೆ ಬಂದ ಬ್ರಿಟಿಷ್ ಎಂಜಿನಿಯರುಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳು ಕಾರ್ಮಿಕರು ಸೇರಿ ಕ್ರಿಸ್‌ಮಸ್ಸನ್ನು ಇಲ್ಲಿ ಊರ ಹಬ್ಬವಾಗಿಸಿದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಹಬ್ಬ ಮುಚ್ಚಲಿಲ್ಲ. ರಾಬರ್ಟ್‌ಸನ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಡಿಸೆಂಬರ್‌ನಲ್ಲಿ ಮನೆ ಮುಂದೆ ನಕ್ಷತ್ರದ ಗೂಡುದೀಪಗಳು ಇಂದಿಗೂ ತೂಗುತ್ತವೆ. ಹಿಂದೆ ಮರವೆಂದರೆ ಸರ್ವೆ ಮರದ ಒಂದು ಕೊಂಬೆ. ಬಕೆಟ್ಟಿನ ಮರಳಿನಲ್ಲಿ ನೆಟ್ಟರೆ ಮುಗಿಯಿತು. ಹಬ್ಬ ಕಳೆದ ಮೇಲೆ ಅದು ನೀರೊಲೆಗೆ ಹೋಗುತ್ತಿತ್ತು. ಕಾಪಿಡುವ ಸಮಸ್ಯೆಯೇ ಇರಲಿಲ್ಲ. ಪ್ಲಾಸ್ಟಿಕ್ ಮರ ಬಂದ ಮೇಲೆ ಹುಟ್ಟಿದ ತಲೆನೋವು ಇದು.

ಕೊಂಬೆ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಅದು ಹೇಗೆ ಕೆಡುತ್ತದೆ ಎನ್ನುವುದೂ ತಿಳಿಯುತ್ತದೆ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ತೆಳುವಾದ ಹಾಳೆಯನ್ನು ಝಾಲರಿಯಂತೆ ಸಣ್ಣಗೆ ಕತ್ತರಿಸಿ, ಎರಡು ಉಕ್ಕಿನ ತಂತಿಗಳ ನಡುವೆ ಸಿಕ್ಕಿಸಿ, ತಂತಿಗಳನ್ನು ಹುರಿಗೊಳಿಸುತ್ತಾರೆ. ಝಾಲರಿ ಸುತ್ತಲೂ ಕೆದರಿಕೊಂಡು ನಿಲ್ಲುತ್ತದೆ, ಅದೇ ಎಲೆ. ಬಾಟಲಿ ತೊಳೆಯುವ ಬ್ರಷ್ಷಿನ ರಚನೆಯೂ ಇದೇ, ಮತ್ತು ಅದು ಕಾಕತಾಳೀಯವಲ್ಲ. 1930ರ ದಶಕದಲ್ಲಿ ಆಡಿಸ್ ಎಂಬ ಬ್ರಷ್ ಕಂಪನಿ ಬ್ರಷ್ ತಯಾರಿಸುವ ಯಂತ್ರಗಳಲ್ಲೇ ಇಂಥ ಮರಗಳನ್ನು ಮಾಡಿತ್ತು. ಅದಕ್ಕೂ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲಿ, ಜರ್ಮನಿಯಲ್ಲಿ ಬಾತುಕೋಳಿ ಜಾತಿಯ ಹೆಬ್ಬಾತಿನ ಗರಿಗಳಿಗೆ ಹಸಿರು ಬಣ್ಣ ಹಾಕಿ ತಂತಿಗೆ ಸುತ್ತುತ್ತಿದ್ದರು. ಈಗಿನ ದುಬಾರಿ ಮರಗಳಲ್ಲಿ ಕೊಂಬೆಯ ತುದಿಗಳು ಪಾಲಿಥಿಲೀನಿನಲ್ಲಿ ಅಚ್ಚು ಹೊಯ್ದವು. ಅವು ದಪ್ಪ, ಬೇಗ ಸುಕ್ಕಾಗುವುದಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಅಗ್ಗದ ಪಿವಿಸಿ ಝಾಲರಿಯ ಮರ. ಹಾಗಾಗಿ ಅದರ ಮಾತನ್ನೇ ಆಡೋಣ.

ಪಿವಿಸಿಗೆ ಬಿಸಿಯೇ ಮೊದಲ ಶತ್ರು. ಗಡುಸಾದ ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗುತ್ತದೆ. ಬಾಗಲೆಂದು ಮೆದುಗೊಳಿಸುವ ರಾಸಾಯನಿಕ ಬೆರೆಸಿದ್ದರೆ ಇನ್ನೂ ಬೇಗ. ‘ಅಟ್ಟದಲ್ಲಿ 80 ಡಿಗ್ರಿ ಎಲ್ಲಿಂದ ಬರಬೇಕು’ ಎಂದು ಕೇಳಬಹುದು. ಅಷ್ಟು ಬೇಕಾಗಿಲ್ಲ. ಪ್ಲಾಸ್ಟಿಕ್ ಒಂದೇ ಏಟಿಗೆ ಬಾಗುವುದಿಲ್ಲ. ಭಾರದ ಕೆಳಗೆ ದಿನದಿನವೂ ಕೂದಲೆಳೆಯಷ್ಟು ಜರುಗುತ್ತದೆ. ಬಿಸಿ, ಭಾರ, ಕಾಲ ಈ ಮೂರೂ ಕೂಡಿದರೆ 80 ಡಿಗ್ರಿಗಿಂತ ಎಷ್ಟೋ ಕೆಳಗೆ ಆ ಕೆಲಸ ನಡೆದುಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೋಲಾರದ ಗಾಳಿ 35 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಬಿಸಿಲಿಗೆ ತಗಡಿನ ಶೀಟಿನ ಮೈ 60 ಡಿಗ್ರಿ ಮೀರುವುದು ಅಪರೂಪವಲ್ಲ. ಅದರಡಿಯ ಅಟ್ಟದಲ್ಲಿ ಕ್ರಿಸ್‌ಮಸ್ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಹಳೆಯ ಸೂಟ್‌ಕೇಸು, ಸೂಟ್‌ಕೇಸಿನ ಮೇಲೆ ಹಾಸಿಗೆ ಸುರುಳಿ. ಎರಡು ತಿಂಗಳ ಇಸ್ತ್ರಿ ಎಂದರೂ ಸರಿ. ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಸೂರೇ ತಗ್ಗು, ಅಟ್ಟವೂ ತಗಡಿಗೆ ತಾಗಿಕೊಂಡೇ ಇರುತ್ತದೆ. ಅಲ್ಲಿ ಮರವಿಡುವುದಕ್ಕಿಂತ ಹೊರಗೆ ಕಟ್ಟೆಯ ಮೇಲಿಡುವುದೇ ಮೇಲು ಎನ್ನಬೇಕು, ಆದರೆ ಹೊರಗೆ ಇನ್ನೊಂದು ಶತ್ರು ಕಾದಿದೆ: ಬಿಸಿಲು.

ಬಿಸಿಲಿನ ನೇರಳಾತೀತ ಕಿರಣವೂ ದೀರ್ಘಕಾಲದ ಬಿಸಿಯೂ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಚೂರುಚೂರಾಗಿ ಹೊರಗೆ ಹಾಕಿಸುತ್ತವೆ. ಹೀಗೆ ಕಳೆದುಕೊಂಡ ಪ್ಲಾಸ್ಟಿಕ್ ಹಳದಿಗೆ, ಆಮೇಲೆ ಕಂದಿಗೆ ತಿರುಗಿ, ಮುಟ್ಟಿದರೆ ಮುರಿಯುವಷ್ಟು ಬಿರುಸಾಗುತ್ತದೆ. ಹೊರಬಂದ ಹೈಡ್ರೋಜನ್ ಕ್ಲೋರೈಡ್ ತೇವದೊಡನೆ ಸೇರಿದರೆ ಆಮ್ಲ. ಅದು ನಡುವಿನ ಉಕ್ಕಿನ ತಂತಿಯನ್ನು ತಿನ್ನುತ್ತದೆ. ತಂತಿಯಿಂದ ಹುಟ್ಟುವ ಕಬ್ಬಿಣದ ಕ್ಲೋರೈಡ್ ಮತ್ತೆ ಪ್ಲಾಸ್ಟಿಕ್ಕಿನ ಕೆಡುವಿಕೆಯನ್ನೇ ಚುರುಕುಗೊಳಿಸುತ್ತದೆ. ಒಮ್ಮೆ ತುಕ್ಕು ಹಿಡಿದ ಕೊಂಬೆ ಬೇಗಬೇಗನೆ ಎಲೆ ಉದುರಿಸುವುದಕ್ಕೆ ಇದೂ ಒಂದು ಕಾರಣ. ಇದನ್ನು ತಡೆಯಲೆಂದೇ ತಯಾರಕರು ಪಿವಿಸಿಗೆ ಸ್ಥಿರಕಾರಿಗಳನ್ನು ಬೆರೆಸುತ್ತಾರೆ. ಹಳೆಯ ಮರಗಳಲ್ಲಿ ಈ ಸ್ಥಿರಕಾರಿ ಸೀಸದ ಸಂಯುಕ್ತವಾಗಿರುವ ಸಾಧ್ಯತೆಯುಂಟು. ನೀರಿನ ಪಿವಿಸಿ ಪೈಪುಗಳಿಂದ ಸೀಸವನ್ನು ತೆಗೆಯಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಅದು ಪೈಪು ಮತ್ತು ಜೋಡಣೆ ಸಾಮಗ್ರಿಗಳಿಗೆ ಮಾತ್ರ, ಹಬ್ಬದ ಅಲಂಕಾರಕ್ಕಲ್ಲ. ಆದ್ದರಿಂದ ಹಳೆಯ, ಪುಡಿ ಉದುರಿಸುವ ಮರವನ್ನು ಬಿಚ್ಚುವಾಗ ಚಿಕ್ಕ ಮಕ್ಕಳನ್ನು ದೂರವಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿರಿ.

ಇನ್ನು ಬಿಚ್ಚುವ ಕೆಲಸ. ಶಿಶು ಯೇಸುವನ್ನು ನೋಡಲು ಬಂದವರನ್ನು ನೆನೆಯುವ ಮೂರು ರಾಯರ ಹಬ್ಬ ಜನವರಿ 6ಕ್ಕೆ. ಅದು ಕಳೆದ ಮೇಲೆ ಸಂಕ್ರಾಂತಿಗೆ ಮನೆ ಸಾರಿಸುವ ಮೊದಲು ಮರ ತೆಗೆಯುವುದು ಬಹಳ ಮನೆಗಳ ರೂಢಿ. ಹವೆಯ ದೃಷ್ಟಿಯಿಂದಲೂ ಇದು ಒಳ್ಳೆಯ ಗಳಿಗೆ. ಆಗ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಒಣ ಮರ ಒಣದಾಗಿಯೇ ಚೀಲ ಸೇರುತ್ತದೆ. ಬೆಳಗಿನ ಮಂಜಿನ ಹೊತ್ತು ಬಿಟ್ಟು ಮಧ್ಯಾಹ್ನದ ಮೇಲೆ ಕಟ್ಟಿದರೆ ಸಾಕು.

ಕಟ್ಟುವ ಮೊದಲು ದೂಳು ಹೋಗಬೇಕು, ಮತ್ತು ಈ ವಿಷಯದಲ್ಲಿ ಕೆಜಿಎಫ್ ಬೇರೆ ಊರುಗಳಂತಲ್ಲ. ನೂರಿಪ್ಪತ್ತು ವರ್ಷ ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ ಊರ ಸುತ್ತ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಗಾಳಿ ಬೀಸಿದಾಗ ಅದು ಕಿಟಕಿಯ ಸಂದಿನಿಂದ ಒಳಗೆ ಬರುತ್ತದೆ. ಅರೆದ ಬಿಳಿಕಲ್ಲಿನ ಈ ಪುಡಿಯಲ್ಲಿ ಸಿಲಿಕಾ ಇದೆ. ಗಣಿ ಕಾರ್ಮಿಕರ ಶ್ವಾಸಕೋಶಗಳನ್ನು ಸಿಲಿಕೋಸಿಸ್ ಎಂಬ ಕಾಯಿಲೆಗೆ ಒಡ್ಡಿದ್ದು ಅದೇ ಜಾತಿಯ ದೂಳು. ಝಾಲರಿಯ ನಡುವೆ ಕುಳಿತ ದೂಳನ್ನು ಮನೆಯೊಳಗೆ ಫಟಫಟನೆ ಬಡಿದು ಉದುರಿಸಬೇಡಿ. ಮರವನ್ನು ಪಡಸಾಲೆಗೋ ಅಂಗಳದ ನೆರಳಿಗೋ ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಕಂಬದ ಕಡೆಯಿಂದ ಕೊಂಬೆಯ ತುದಿಯ ಕಡೆಗೆ ತೀಡಿರಿ. ತಿರುಗಿ ತೀಡಿದರೆ ಎಲೆ ಕಿತ್ತು ಬರುತ್ತದೆ. ಜಿಡ್ಡು ಹಿಡಿದಿದ್ದರೆ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಉತ್ಸಾಹ ಬೇಡ, ಏಕೆಂದರೆ ಹುರಿಗೊಂಡ ತಂತಿಗಳ ಸಂದಿನಲ್ಲಿ ನಿಂತ ನೀರು ಒಣಗುವ ಹೊತ್ತಿಗೆ ತುಕ್ಕು ಶುರುವಾಗಿರುತ್ತದೆ. ಕೊಂಬೆಗಳಲ್ಲೇ ದೀಪ ಅಳವಡಿಸಿದ ಮರಕ್ಕಂತೂ ನೀರು ತಾಗಿಸಲೇಬಾರದು. ಬಿಳಿ ಹಿಮ ಮೆತ್ತಿದ ಮರವಿದ್ದರೆ ಬ್ರಷ್ಷನ್ನೂ ದೂರವಿಡಿ. ಆ ಹಿಮ ಅಂಟಿನ ಮೇಲೆ ಕೂರಿಸಿದ ನಾರಿನ ಪುಡಿ, ಉಜ್ಜಿದಷ್ಟೂ ಉದುರುತ್ತದೆ. ನಿಜ ಹೇಳಬೇಕೆಂದರೆ ದೂಳಿನ ಊರಿಗೆ ಹಿಮದ ಮರ ತರುವುದೇ ವ್ಯರ್ಥ.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಮರಗಳಲ್ಲಿ ಎರಡು ಬಗೆ. ಒಂದರಲ್ಲಿ ಕೊಂಬೆಗಳು ಕಂಬಕ್ಕೆ ಕೀಲಿನಿಂದ ಅಂಟಿಕೊಂಡೇ ಇದ್ದು ಛತ್ರಿಯ ಕಡ್ಡಿಗಳ ಹಾಗೆ ಮೇಲಕ್ಕೆ ಮಡಿಚುತ್ತವೆ. ಇನ್ನೊಂದರಲ್ಲಿ ಪ್ರತಿ ಕೊಂಬೆಯನ್ನೂ ಕಂಬದ ಕೊಳವೆಗೆ ಸಿಕ್ಕಿಸಬೇಕು; ಯಾವುದು ಯಾವ ಸಾಲಿನದು ಎಂದು ಗುರುತಿಸಲು ಬುಡಕ್ಕೆ ಬಣ್ಣ ಬಳಿದಿರುತ್ತಾರೆ. ಎರಡನೆಯ ಬಗೆಯಲ್ಲಿ ತಾಪತ್ರಯ ಬರುವುದು ಆ ಬಣ್ಣ ಅಳಿಸಿಹೋದಾಗ. ಉದ್ದನೆಯ ಕೊಂಬೆ ಮೇಲಕ್ಕೂ ಗಿಡ್ಡದ್ದು ಕೆಳಕ್ಕೂ ಹೋಗಿ, ಮರ ತಲೆಕೆಳಗಾಗಿ ನಿಂತಂತೆ ಕಾಣುತ್ತದೆ. ಬಣ್ಣ ಮಾಸಿದ್ದರೆ ಟೇಪು ಅಂಟಿಸಬೇಡಿ, ಬೇಸಿಗೆಯಲ್ಲಿ ಅದರ ಅಂಟು ಕರಗಿ ಎಲೆಗೆಲ್ಲ ಮೆತ್ತಿಕೊಳ್ಳುತ್ತದೆ. ಒಂದು ಸಾಲಿಗೆ ಒಂದು ಬಣ್ಣದ ದಾರ ಸುತ್ತಿ ಗಂಟು ಹಾಕಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಸಾಲು ಸಾಲಾಗಿಯೇ ಕಟ್ಟು ಕಟ್ಟಿ, ಕೆಳಗಿನ ಸಾಲು ಚೀಲದ ಮೇಲ್ಭಾಗಕ್ಕೆ ಬರುವಂತೆ ಇಡಿ. ಮುಂದಿನ ಸಲ ಮೊದಲು ಬೇಕಾಗುವುದು ಅದೇ.

ಕೀಲಿನ ಮರವಾದರೆ ಮೊದಲು ಪ್ರತಿ ಕೊಂಬೆಯ ಕಿರುಕೊಂಬೆಗಳನ್ನು ನಡುಗಡ್ಡಿಯ ಕಡೆಗೆ ಮಡಿಚಿ, ಆಮೇಲೆ ಕೊಂಬೆಯನ್ನು ಮೇಲಕ್ಕೆ ಎತ್ತಿ ಕಂಬಕ್ಕೆ ಒರಗಿಸಬೇಕು. ಆತುರದಲ್ಲಿ ಕಿರುಕೊಂಬೆಗಳನ್ನು ಬಿಟ್ಟು ನೇರವಾಗಿ ಒತ್ತಿದರೆ ತಂತಿ ಅಡ್ಡ ಬಾಗುತ್ತದೆ, ಒಂದೇ ಜಾಗದಲ್ಲಿ ಹಲವು ವರ್ಷ ಬಾಗಿದ ತಂತಿ ತುಂಡಾಗುತ್ತದೆ. ಕಟ್ಟಲು ಸೆಣಬಿನ ಹಗ್ಗವಾಗಲಿ ರಬ್ಬರ್ ಬ್ಯಾಂಡ್ ಆಗಲಿ ಬೇಡ. ಹಳೆಯ ಹತ್ತಿ ಸೀರೆಯನ್ನು ಅಂಗೈ ಅಗಲದ ಪಟ್ಟಿಗಳಾಗಿ ಹರಿದುಕೊಳ್ಳಿ. ದಸರಾ ಗೊಂಬೆ ಸುತ್ತಿಡುವ ಮನೆಗಳಲ್ಲಿ ಇಂಥ ಬಟ್ಟೆಗೆ ಬರವಿರುವುದಿಲ್ಲ. ಅಗಲವಾದ ಪಟ್ಟಿ ಭಾರವನ್ನು ಹಂಚುತ್ತದೆ, ದಾರದ ಹಾಗೆ ಎಲೆಯನ್ನು ಕೊಯ್ಯುವುದಿಲ್ಲ. ಮರವನ್ನು ಕಂಬಕ್ಕೆ ಬಿಗಿಯುವುದಲ್ಲ, ಹರಡದಂತೆ ಹಿಡಿದಿಡುವುದಷ್ಟೇ ಉದ್ದೇಶ. ಗಂಟಿನೊಳಗೆ ಎರಡು ಬೆರಳು ತೂರುವಂತಿರಲಿ.

ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಗೆ ಅದೇ ಮರ ಮತ್ತೆ ಹಿಡಿಯುವುದಿಲ್ಲ ಎನ್ನುವುದು ಎಲ್ಲ ಮನೆಗಳ ಅನುಭವ. ಕಾರ್ಖಾನೆಯಲ್ಲಿ ಅದನ್ನು ಒತ್ತಿ ತುಂಬಿರುತ್ತಾರೆ. ಒಮ್ಮೆ ಬಿಡಿಸಿದ ಎಲೆ ಅಷ್ಟು ಜಾಗದಲ್ಲಿ ಕೂರುವುದಿಲ್ಲ. ಕೂರಿಸಲೂಬಾರದು. ಜೊತೆಗೆ ರಟ್ಟು ತೇವ ಹೀರುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ, ಜಿರಲೆಗೆ ಮನೆಯಾಗುತ್ತದೆ. ಬದಲಿಗೆ ಏನು? ನಮ್ಮ ಜಿಲ್ಲೆಯಲ್ಲಿ ಚೀಲಗಳಿಗೆ ಕೊರತೆಯಿಲ್ಲ, ಆದರೆ ಯಾವ ಚೀಲ ಎಂದು ನೋಡಬೇಕು. ಹಿಂಡಿ, ಬೂಸಾ ತುಂಬಿದ್ದ ಚೀಲ ಇಲಿಗೆ ಕರೆಯೋಲೆ. ರಸಗೊಬ್ಬರದ ಚೀಲದ ಹೊಲಿಗೆಯಲ್ಲಿ ಉಳಿದ ಪುಡಿ ಗಾಳಿಯ ತೇವ ಹೀರಿಕೊಂಡು ತಂತಿಯನ್ನು ತಿನ್ನುತ್ತದೆ. ಸೆಣಬಿನ ಗೋಣಿಯ ನಾರು ಎಲೆಯ ನಡುವೆ ಸಿಕ್ಕಿ ಬಿಡಿಸಲು ಬಾರದು. ಗಾಳಿಯಾಡದ ಪಾಲಿಥಿನ್ ಚೀಲ ಒಳಗಿನ ತೇವವನ್ನು ಒಳಗೇ ಕೂಡಿಹಾಕುತ್ತದೆ. ನೇಯ್ದ ಪ್ಲಾಸ್ಟಿಕ್ಕಿನ ಅಕ್ಕಿ ಚೀಲ, ಒಳಮುಖ ಹೊರಗೆ ಮಾಡಿ ಚೆನ್ನಾಗಿ ಕೊಡವಿದ್ದು, ಸಣ್ಣ ಮರಕ್ಕೆ ಸಾಕು. ದೊಡ್ಡದಕ್ಕೆ ಎರಡು ಚೀಲಗಳನ್ನು ದಬ್ಬಣದಿಂದ ಹೊಲಿದರಾಯಿತು. ಜಿಪ್ ಇರುವ ಬಟ್ಟೆಯ ಉದ್ದ ಚೀಲ ಕೊಳ್ಳುವ ಶಕ್ತಿಯಿದ್ದರೆ ಅದೂ ಸರಿಯೇ.

ಇಲಿ ಕಾಟ ಇರುವ ಮನೆಗೆ ನನ್ನ ಓಟು ಮಾತ್ರ ತಗಡಿನ ಟ್ರಂಕಿಗೆ. ಐದಾರು ಅಡಿಯ ಮರ ಎರಡು ಮೂರು ತುಂಡಾಗುತ್ತದೆ. ಒಂದೊಂದು ತುಂಡನ್ನು ಅಳೆದು ನೋಡಿ, ಹಳೆಯ ಟ್ರಂಕಿನಲ್ಲಿ ಓರೆಯಾಗಿಯಾದರೂ ಹಿಡಿಯಬಹುದು. ಇಲಿಯ ಬಾಚಿಹಲ್ಲು ಸದಾ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಪ್ಲಾಸ್ಟಿಕ್ ಝಾಲರಿ ಅದಕ್ಕೆ ಕಡಿಯಲೂ ಆಯಿತು, ಗೂಡಿಗೆ ಹಾಸಲೂ ಆಯಿತು. ಸುಂಡಿಲಿ ಪೆನ್ಸಿಲ್ ದಪ್ಪದ ಸಂದಿನಲ್ಲಿ ತೂರಬಲ್ಲದು, ಆದ್ದರಿಂದ ಚೀಲದ ಬಾಯಿಯನ್ನು ಬಿಗಿದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. ನುಸಿಗುಳಿಗೆ ಹಾಕುವ ಅಭ್ಯಾಸವಿದೆ. ಅದು ಇಲಿಯನ್ನು ತಡೆಯುವುದಿಲ್ಲ. ಅದರ ಆವಿ ಥರ್ಮಾಕೋಲ್ ಮತ್ತು ಅದೇ ಕುಲದ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುವುದರಿಂದ ನಕ್ಷತ್ರ, ಗಂಟೆಗಳ ಮೈಯೆಲ್ಲ ಗುಳಿ ಬೀಳುತ್ತದೆ. ನುಸಿಗುಳಿಗೆ ರೇಷ್ಮೆ ಸೀರೆಯ ಬೀರುವಿನಲ್ಲೇ ಇರಲಿ.

ಈಗ ಜಾಗ. ಮಂಚದ ಕೆಳಗೆ, ಹೊರಗೋಡೆಗೆ ತಾಗದಂತೆ, ಎರಡು ಇಟ್ಟಿಗೆ ಅಥವಾ ಹಲಗೆಯ ಮೇಲೆ: ನನ್ನ ಆಯ್ಕೆ ಇದೇ. ಹಗಲೆಲ್ಲ ಮನೆಯಲ್ಲಿ ಹೆಚ್ಚು ತಂಪಾಗಿರುವುದು ನೆಲದ ಹತ್ತಿರದ ಗಾಳಿ. ಕಾಂಕ್ರೀಟ್ ಮನೆಯಲ್ಲಿ ಬೀರುವಿನ ಮೇಲೂ ಇಡಬಹುದು. ಕಾಂಕ್ರೀಟಿನ ಸಜ್ಜೆಯೂ ಪರವಾಗಿಲ್ಲ, ಆದರೆ ಅಡುಗೆಮನೆಯ ಸಜ್ಜೆ ಎಣ್ಣೆ ಹೊಗೆಯದು, ಬಚ್ಚಲಿನದು ಹಬೆಯದು. ಮೇಲಿನ ಅಂತಸ್ತಾದರೆ ತಾರಸಿಗೆ ತಾಗಿದ ಸಜ್ಜೆಯೂ ಬೇಸಿಗೆಯಲ್ಲಿ ಸುಡುತ್ತದೆ. ಎಲ್ಲಿ ಇಟ್ಟರೂ ಅದರ ಮೇಲೆ ಬೇರೇನೂ ಇಡಬೇಡಿ. ಮನೆಯಲ್ಲಿ ಸಮತಟ್ಟಾಗಿ ಕಾಣುವ ಪ್ರತಿಯೊಂದೂ ಇನ್ನೊಂದು ವಸ್ತು ಇಡುವ ಜಾಗ ಎಂದು ನಂಬುವವರು ಒಬ್ಬರಾದರೂ ಇರುತ್ತಾರೆ. ಅವರ ಕೈಯಿಂದ ಪಾರಾಗಲು ಮರವನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸುವುದು ಜಾಣತನ. ನೆಟ್ಟಗಿದ್ದರೆ ತನ್ನ ಭಾರವೂ ತನ್ನ ಎಲೆಯ ಮೇಲೆ ಬೀಳುವುದಿಲ್ಲ.

ದೀಪದ ಸೀರಿಯಲ್ ಸೆಟ್ಟನ್ನು ಮರದಲ್ಲೇ ಬಿಟ್ಟು ಮಡಿಚುವ ಸೋಮಾರಿತನ ಬಹಳ ಕಡೆ ಕಂಡಿದ್ದೇನೆ. ತೆಗೆಯಿರಿ. ಉರಿಯುತ್ತದೆಯೇ ಎಂದು ಒಮ್ಮೆ ಹಾಕಿ ನೋಡಿ, ಕೆಟ್ಟಿದ್ದನ್ನು ಜನವರಿಯಲ್ಲೇ ಬೇರೆ ಮಾಡಿ. ಮೊಣಕೈಗೆ ಸುತ್ತುವ ಬದಲು ರಟ್ಟಿನ ತುಂಡಿಗೋ ಮಡಿಚಿದ ದಿನಪತ್ರಿಕೆಗೋ ಸಡಿಲವಾಗಿ ಸುತ್ತಿರಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ಸೆಟ್ಟಿನ ವೈರಿನ ಹೊದಿಕೆ ಮೆದು ಪಿವಿಸಿ. ಅದರಲ್ಲಿರುವ ಮೆದುಗೊಳಿಸುವ ರಾಸಾಯನಿಕ ತನ್ನ ಪಕ್ಕಕ್ಕೆ ಒತ್ತಿಕೊಂಡಿರುವ ಥರ್ಮಾಕೋಲಿಗೂ ಹೊಳಪಿನ ಪ್ಲಾಸ್ಟಿಕ್ ಗುಂಡುಗಳಿಗೂ ನಿಧಾನವಾಗಿ ವಲಸೆ ಹೋಗುತ್ತದೆ. ಆಗ ಗುಂಡು ಅಂಟಂಟಾಗಿ ವೈರಿಗೆ ಹಿಡಿದುಕೊಳ್ಳುತ್ತದೆ, ವೈರು ತನ್ನ ಮೆದುತನ ಕಳೆದುಕೊಂಡು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ವೈರಿನಲ್ಲಿ ಮನೆಯ 230 ವೋಲ್ಟ್ ಹರಿಯುವುದು ಆಟದ ಮಾತಲ್ಲ. ದೀಪ ಬೇರೆ ಡಬ್ಬಿಯಲ್ಲಿ, ಗುಂಡು ಬೇರೆ ಡಬ್ಬಿಯಲ್ಲಿ. ಬ್ಯಾಟರಿ ದೀಪವಾದರೆ ಸೆಲ್ ತೆಗೆದಿಡಿ; ಸೋರಿದ ಸೆಲ್ಲಿನ ಕ್ಷಾರ ಸ್ಪ್ರಿಂಗನ್ನು ಹಸಿರು ಹಿಡಿಸಿಬಿಡುತ್ತದೆ.

ಗಾಜಿನ ಗುಂಡುಗಳಿಗೆ ಮೊಟ್ಟೆಯ ಟ್ರೇ ಚೆನ್ನ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಟೊಮೆಟೊ ಕ್ರೇಟಿನೊಳಗೆ ಇಟ್ಟರೆ ಎಷ್ಟು ಭಾರ ಬಿದ್ದರೂ ಒಳಗಿನದು ಕ್ಷೇಮ. ಕೋಲಾರದ ಮಾರುಕಟ್ಟೆಯನ್ನು ತುಂಬುವ ಈ ಕ್ರೇಟುಗಳು ಒಂದರ ಮೇಲೊಂದು ಹೇರಲೆಂದೇ ಆದವು. ಬದಿಯ ಕಿಂಡಿಗಳಿಗೆ ಮಾತ್ರ ಬಟ್ಟೆ ಸುತ್ತಬೇಕು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ತೋರಿಸುವ ಗೋದಲಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ. ಸುತ್ತ ಹಸಿರಿಗಾಗಿ ಕೆಲವರು ರಾಗಿ ಚೆಲ್ಲಿ ಮೊಳೆಸುತ್ತಾರೆ, ಕೊಟ್ಟಿಗೆಗೆ ಒಣಹುಲ್ಲು ಹಾಸುತ್ತಾರೆ. ಅದರ ಒಂದು ಕಡ್ಡಿಯೂ ಚೀಲಕ್ಕೆ ಬರಬಾರದು. ಹುಲ್ಲು ಹಸುವಿಗೆ, ಮೊಳಕೆ ಮಣ್ಣಿಗೆ. ಪ್ಲಾಸ್ಟರಿನ ಗೊಂಬೆಗಳನ್ನು ಒದ್ದೆ ಬಟ್ಟೆಯಿಂದ ಒರೆಸದೆ ಒಣ ಬಟ್ಟೆಯಲ್ಲೇ ದೂಳು ತೆಗೆದು ಸುತ್ತಿಡಿ.

ಇಷ್ಟಾದ ಮೇಲೆ ಡಿಸೆಂಬರ್‌ವರೆಗೆ ಮರೆಯಬಹುದೇ? ಪೂರ್ತಿ ಅಲ್ಲ. ನಮ್ಮ ಜಿಲ್ಲೆಗೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗೋಡೆ ತೇವ ಹೀರುವುದೂ, ಹೊಲದ ಇಲಿ ಮನೆ ಹೊಕ್ಕುವುದೂ ಆಗಲೇ. ದಸರಾಕ್ಕೆ ಮನೆ ತೊಳೆಯುವಾಗ ಚೀಲವನ್ನು ಒಮ್ಮೆ ಹೊರಗೆಳೆದು, ಬಾಯಿ ಬಿಚ್ಚಿ, ಅರ್ಧ ದಿನ ನೆರಳಿನಲ್ಲಿ ಗಾಳಿಯಾಡಿಸಿ ಮತ್ತೆ ಕಟ್ಟಿಡಿ. ತುಕ್ಕಿನ ಚುಕ್ಕೆ ಕಂಡರೆ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ಒರೆಸಿರಿ. ಚಪ್ಪಟೆಯಾದ ಕೊಂಬೆಗೂ ಮದ್ದಿದೆ: ಬಿಸಿಯಲ್ಲಿ ಬಾಗಿದ ಪಿವಿಸಿ ಬಿಸಿಯಲ್ಲೇ ನೇರವಾಗುತ್ತದೆ. ಕೂದಲು ಒಣಗಿಸುವ ಯಂತ್ರವನ್ನು ಕಡಿಮೆ ಬಿಸಿಗೆ ಇಟ್ಟು, ಒಂದಡಿ ದೂರದಿಂದ ಆಡಿಸುತ್ತ, ಬೆರಳಲ್ಲಿ ಎಲೆಯನ್ನು ಬಿಡಿಸಿ, ಆರುವವರೆಗೆ ಹಾಗೇ ಹಿಡಿಯಬೇಕು. ಕಂದು ಹಿಡಿದು ಮುರಿಯುವ ಎಲೆಗೆ ಈ ಉಪಚಾರ ನಡೆಯುವುದಿಲ್ಲ.

ಅಂಥ ಮರದ ಕಾಲ ಮುಗಿಯಿತು. ಆದರೆ ಅದು ಮುಗಿಯುವುದು ಜನವರಿಯಲ್ಲೇ ಎನ್ನುವುದು ನಮ್ಮ ಕಡೆಯ ಇಕ್ಕಟ್ಟು. 13ರ ಆಸುಪಾಸಿಗೆ ಕೆಜಿಎಫ್‌ನ ತಮಿಳು ಮನೆಗಳ ಮುಂದೆ ಭೋಗಿಯ ಬೆಂಕಿ ಹಚ್ಚಿ ಹಳೆಯದನ್ನೆಲ್ಲ ಸುಡುತ್ತಾರೆ. ಮರುದಿನ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಮುರಿದ ಮರವನ್ನು ಎಸೆಯಲು ಆ ಬೆಂಕಿ ಬಹಳ ಅನುಕೂಲವಾಗಿ ಕಾಣುತ್ತದೆ. ಪಿವಿಸಿ ಸುಟ್ಟರೆ ಏಳುವುದು ಹೈಡ್ರೋಜನ್ ಕ್ಲೋರೈಡಿನ ಹೊಗೆ, ಅದರೊಡನೆ ಡಯಾಕ್ಸಿನ್ ಎಂಬ ವಿಷ, ಹಳೆಯ ಮರವಾದರೆ ಸೀಸವೂ. ಬೆಂಕಿಯ ಸುತ್ತ ತಮಟೆ ಬಡಿಯುವ ಮಕ್ಕಳು ಅದನ್ನೇ ಉಸಿರಾಡುತ್ತಾರೆ. ಹಾಗೇ ಗುಜರಿಗೆ ಹಾಕಿದರೂ ತಂತಿಗಾಗಿ ಪ್ಲಾಸ್ಟಿಕ್ಕನ್ನು ಸುಡುವವರುಂಟು. ಕಂಬ ಮತ್ತು ಸ್ಟ್ಯಾಂಡ್ ಕಬ್ಬಿಣದ್ದಾದರೆ ಅವನ್ನು ಬಿಚ್ಚಿ ಗುಜರಿಗೆ ಕೊಡಿ. ಎಲೆ ಗಟ್ಟಿಯಿರುವ ನಾಲ್ಕಾರು ಕೊಂಬೆಗಳನ್ನು ಗೋದಲಿಯ ಹಿಂದಿನ ಪೊದೆಗೆ ಇಟ್ಟುಕೊಳ್ಳಿ. ಉಳಿದದ್ದನ್ನು ಚೀಲದಲ್ಲಿ ಕಟ್ಟಿ ನಗರಸಭೆಯ ಗಾಡಿಗೆ ಒಣಕಸವಾಗಿ ಹಾಕಿ, ಭೋಗಿಗೆ ಮುಂಚೆಯೇ.